ಒಂದು ಪುಟಕ್ಕೆ ಇಪ್ಪತ್ತು ನಿಮಿಷ!

ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಊಟದ ಬಿಡುವಿನಲ್ಲಿ ಲ್ಯಾಬಿಗೆ ಹೋಗಿ ಆದಾಯ ಪ್ರಮಾಣಪತ್ರದ ಪಿಡಿಎಫ್ ತೆರೆಯಲು ಕ್ಲಿಕ್ ಮಾಡಿದೆ. ಮೊದಲು ‘ಅಪ್‌ಡೇಟ್ ಮಾಡಿ’ ಎಂದಿತು, ಆಮೇಲೆ ‘ಸೈನ್ ಇನ್ ಆಗಿ’ ಎಂದಿತು. ಪ್ರಿಂಟ್ ಒತ್ತಿದರೆ ಪರದೆಯೇ ಸ್ತಬ್ಧ. ಒಂದೇ ಪುಟ ಕೈಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಬೆಲ್ ಆಗಿ, ನನ್ನ ಹಿಂದೆ ನಿಂತಿದ್ದ ಇಬ್ಬರು ಬರಿಗೈಯಲ್ಲಿ ತರಗತಿಗೆ ಓಡಿದರು. ಸಂಜೆ ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರಿಂಟ್ ತೆಗೆಸಿಕೊಂಡರಂತೆ.

ಕಂಪ್ಯೂಟರ್ ಹಳೆಯದು, ನಿಜ. ಆದರೆ ಮರುದಿನ ಅದೇ ಕಂಪ್ಯೂಟರಿನಲ್ಲಿ, ಅದೇ ಫೈಲು ಬ್ರೌಸರಿನಲ್ಲಿ ಕ್ಷಣದಲ್ಲಿ ತೆರೆಯಿತು. ಹಾಗಾದರೆ ತಪ್ಪು ಯಾರದು? ನಮಗೆ ಬೇಡದ ಸೌಲಭ್ಯಗಳನ್ನೆಲ್ಲ ಹೊತ್ತು ಏದುಸಿರು ಬಿಡುವ ತಂತ್ರಾಂಶದ್ದು.

1993ರಲ್ಲಿ ಬಂದ ಪಿಡಿಎಫ್ 2008ರಲ್ಲಿ ಐಎಸ್‌ಒ ಮಾನದಂಡವಾಯಿತು. ಅದನ್ನು ತೆರೆಯುವ ತಂತ್ರಾಂಶವನ್ನು ಯಾರು ಬೇಕಾದರೂ ರೂಪಿಸಬಹುದು. ವಿಂಡೋಸ್‌ಗೆ ಸುಮಾತ್ರಾ ಪಿಡಿಎಫ್ ಇದೆ: ಉಚಿತ, ಮುಕ್ತ, ಗಾತ್ರವೂ ಚಿಕ್ಕದು. ಲಿನಕ್ಸ್‌ಗೆ ಒಕ್ಯುಲರ್ ಇದೆ.

ಪಿಡಿಎಫ್ ತಿದ್ದುವ ಕೆಲಸವಿರುವ ಕಚೇರಿಯಲ್ಲಿ ದೊಡ್ಡ ತಂತ್ರಾಂಶ ಇರಲಿ. ನಮಗೆ ಓದಬೇಕು, ಪ್ರಿಂಟ್ ತೆಗೆಯಬೇಕು, ಅಷ್ಟೆ. ಲ್ಯಾಬಿನ ಸರ್ ಅವರು ಇಂಥ ಹಗುರ ತಂತ್ರಾಂಶವೊಂದನ್ನು ಹಾಕಿಸಿಕೊಡಬೇಕೆಂದು ನನ್ನ ವಿನಂತಿ. ಗೆಳೆಯರೇ, ನೀವೂ ಪ್ರಿಂಟ್ ಬರಲಿಲ್ಲವೆಂದು ಹತ್ತು ಸಲ ಒತ್ತಬೇಡಿ. ಹತ್ತು ಪ್ರತಿಗಳು ಸರದಿಯಲ್ಲಿ ಕೂರುತ್ತವೆ, ಹಿಂದಿನವರು ಕಾಯುತ್ತಾರೆ. ಒಂದು ಪುಟ ತಡವಾಯಿತೆಂದು ಯಾರ ವಿದ್ಯಾರ್ಥಿವೇತನವೂ ತಪ್ಪಬಾರದು.