ಕ್ಯಾಮೆರಾ ಹಿಡಿದವರ ಎತ್ತರ

ಫೋಟೊ ಚೆನ್ನಾಗಿ ಬರಲು ಏನು ಬೇಕು ಎಂದು ಕೇಳಿದರೆ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಬೆಳಕು, ಸ್ವಲ್ಪ ತಾಳ್ಮೆ ಎಂದು ಎಲ್ಲರೂ ಹೇಳುತ್ತೇವೆ. ತೆಗೆಯುವವರ ಎತ್ತರದ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಮನೆಯ ಆಲ್ಬಂಗಳನ್ನು ಒಮ್ಮೆ ಬಿಡಿಸಿ ನೋಡೋಣ. ಮಗುವಿನ ಹುಟ್ಟುಹಬ್ಬದ ಫೋಟೊದಲ್ಲಿ ನೆತ್ತಿ ಪೂರ್ತಿ ಕಾಣುತ್ತದೆ, ಮುಖ ಅರ್ಧ ಕಾಣುತ್ತದೆ, ಉಳಿದದ್ದೆಲ್ಲ ನೆಲ. ಚಾಪೆಯ ಮೇಲೆ ಕುಳಿತ ಅಜ್ಜಿ ಯಾರೋ ಗದರಿಸಿದಂತೆ ಕತ್ತೆತ್ತಿ ನೋಡುತ್ತಿರುತ್ತಾರೆ. ತೆಗೆದವರಿಗೆ ಅಜ್ಜಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವರು ನಿಂತಲ್ಲಿಂದಲೇ ತೆಗೆದರು, ಅಷ್ಟೆ.

ಎತ್ತರದವರು ತೆಗೆದರೆ ಒಂದು ಚಿತ್ರ, ಗಿಡ್ಡವರು ತೆಗೆದರೆ ಇನ್ನೊಂದು ಚಿತ್ರ. ಇದು ಬರೀ ಮಾತಲ್ಲ, ಸರಳ ಲೆಕ್ಕ. ಎತ್ತರದ ಒಬ್ಬರು ನಿಂತು ಕಣ್ಣಿಗೆ ಕ್ಯಾಮೆರಾ ಹಿಡಿದರೆ ಅದು ನೆಲದಿಂದ ಸುಮಾರು 160 ಸೆಂಟಿಮೀಟರ್ ಮೇಲಿರುತ್ತದೆ. ಎದುರಿಗೆ ನಿಂತ ಪುಟ್ಟ ಮಗುವಿನ ಕಣ್ಣು 95 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನೋಣ. ಇಬ್ಬರ ನಡುವೆ ಒಂದು ಮೀಟರ್ ದೂರವಿದ್ದರೆ ಕ್ಯಾಮೆರಾ ಮಗುವನ್ನು ಸುಮಾರು 33 ಡಿಗ್ರಿ ಕೆಳಮುಖವಾಗಿ ನೋಡುತ್ತದೆ. ಮಗುವಿನ ತಲೆಗಿಂತ ಪಾದ ಕ್ಯಾಮೆರಾದಿಂದ ಒಂದೂವರೆ ಪಟ್ಟು ದೂರವಾಗುತ್ತದೆ. ಅದಕ್ಕೇ ಚಿತ್ರದಲ್ಲಿ ತಲೆ ದೊಡ್ಡದು, ಕಾಲು ಚಿಕ್ಕದು. ಅದೇ ಮಗುವನ್ನು ಮೂರು ಮೀಟರ್ ದೂರದಿಂದ ತೆಗೆದರೆ ಆ ಕೋನ 12 ಡಿಗ್ರಿಗೆ ಇಳಿಯುತ್ತದೆ. ಮಂಡಿಯೂರಿದರೆ ಕೋನವೇ ಇರುವುದಿಲ್ಲ.

ಗಿಡ್ಡವರ ಕಷ್ಟ ಇದಕ್ಕೆ ತಿರುಗುಮುರುಗು. ತೆಗೆಯುವವರ ಕಣ್ಣು 135 ಸೆಂಟಿಮೀಟರ್, ಎದುರಿನವರ ಕಣ್ಣು 163 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಒಂದು ಮೀಟರ್ ದೂರದಲ್ಲಿ ಕ್ಯಾಮೆರಾ 16 ಡಿಗ್ರಿಯಷ್ಟು ಮೇಲೆ ನೋಡುತ್ತದೆ. ಗದ್ದ ದಪ್ಪವಾಗಿ, ಮೂಗಿನ ಹೊಳ್ಳೆ ದೊಡ್ಡದಾಗಿ ಬರುತ್ತದೆ. ಇನ್ನೊಂದು ಮೀಟರ್ ಹಿಂದೆ ಸರಿದರೆ ಈ ಕೋನ 8 ಡಿಗ್ರಿಗೆ ಬರುತ್ತದೆ, ದೋಷ ಹೆಚ್ಚುಕಡಿಮೆ ಮರೆಯಾಗುತ್ತದೆ. ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಕೈಯೆತ್ತಿ ಕ್ಯಾಮೆರಾವನ್ನು ಒಂದು ಗೇಣು ಮೇಲೆ ಹಿಡಿದರಾಯಿತು. ಈಗಿನ ಫೋನುಗಳಲ್ಲಿ ಪರದೆಯನ್ನು ದೂರದಿಂದಲೇ ನೋಡಬಹುದಾದ್ದರಿಂದ ಇದು ಇನ್ನೂ ಸುಲಭ.

ಹಾಗಾದರೆ ಯಾರಿಗೆ ಅನುಕೂಲ ಹೆಚ್ಚು? ಊರು, ಜಾಗ, ಕೆಲಸ ನೋಡದೆ ಇದಕ್ಕೆ ಉತ್ತರ ಹೇಳಲಾಗದು. ನೆರೆಯ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಒಮ್ಮೆ ಹೋಗಿಬರೋಣ. ಅದು ನಮಗೆ ಪೂರ್ತಿ ಪರಸ್ಥಳವೇನಲ್ಲ. ಕಾಪ್ಪಿಲಿಯರ್ ಎಂದು ಅಲ್ಲಿ ಕರೆಯಲಾಗುವ ಒಕ್ಕಲಿಗರು ಎಷ್ಟೋ ತಲೆಮಾರುಗಳಿಂದ ಆ ಕಣಿವೆಯಲ್ಲಿ ನೆಲೆಸಿದ್ದಾರೆ. ಶಾಲೆಯಲ್ಲಿ, ಸಂತೆಯಲ್ಲಿ ತಮಿಳು, ಮನೆಯೊಳಗೆ ತಮ್ಮದೇ ರೀತಿಯ ಕನ್ನಡ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ, ಹೆಸರು ಕೇಳಿದೊಡನೆ ನಮಗೆ ಸಂತ ಪೇತ್ರರ ನೆನಪು ತರುವ ರಾಯಪ್ಪನ್‌ಪಟ್ಟಿ, ಈ ಊರುಗಳ ಸುತ್ತಲೂ ದ್ರಾಕ್ಷಿ ತೋಟಗಳಿವೆ. ಫ್ರಾನ್ಸಿನ ಒಬ್ಬ ಧರ್ಮಗುರುಗಳು 1832ರಲ್ಲಿ ಈ ದ್ರಾಕ್ಷಿಯನ್ನು ತಮಿಳುನಾಡಿಗೆ ತಂದರೆಂದು ಹೇಳುತ್ತಾರೆ. ಪನ್ನೀರ್ ದ್ರಾಕ್ಷಿ ಎಂದೇ ಅದು ಪ್ರಸಿದ್ಧ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಅಲ್ಲಿ ದ್ರಾಕ್ಷಿ ಬಳ್ಳಿಯನ್ನು ಚಪ್ಪರದ ಮೇಲೆ ಹಬ್ಬಿಸುತ್ತಾರೆ. ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ, ಕೆಲಸ ಮಾಡುವವರು ಕೈಯೆತ್ತಿ ಕೊಯ್ಯುತ್ತಾರೆ. ಈ ಚಪ್ಪರದ ಕೆಳಗೆ ಆರಡಿಯ ಛಾಯಾಗ್ರಾಹಕರಿಗೆ ಬೆನ್ನು ಬಗ್ಗಿಸಿಯೇ ಓಡಾಡಬೇಕಾದ ಪಾಡು. ನೆಟ್ಟಗೆ ನಿಂತರೆ ಕ್ಯಾಮೆರಾಕ್ಕೆ ಎಲೆ ಅಡ್ಡ. ಐದಡಿಯ ಹೆಣ್ಣುಮಗಳು ಅದೇ ಕ್ಯಾಮೆರಾ ಹಿಡಿದು ಸರಾಗವಾಗಿ ನಡೆದುಹೋಗಬಲ್ಲಳು. ಕೊಯ್ಯುವ ಹೆಂಗಸರ ಮುಖ ಅವಳ ಕಣ್ಣಿನ ನೇರಕ್ಕೇ ಸಿಗುತ್ತದೆ. ಎಲೆಗಳ ಸಂದಿಯಿಂದ ಬೀಳುವ ಬೆಳಕೂ ಸಿಗುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಆದರೆ ತೋಟದಿಂದ ಜಾತ್ರೆಗೆ ಬಂದರೆ ಆಟ ತಿರುಗುತ್ತದೆ. ತೇನಿಯ ಹತ್ತಿರದ ವೀರಪಾಂಡಿಯಲ್ಲಿ ಚಿತ್ತಿರೈ ತಿಂಗಳಲ್ಲಿ ಗೌಮಾರಿಯಮ್ಮನ ಜಾತ್ರೆ ನಡೆಯುತ್ತದೆ, ಜನಸಾಗರ ಸೇರುತ್ತದೆ. ಅಂಥ ಕಡೆ ಗಿಡ್ಡವರ ಕ್ಯಾಮೆರಾಕ್ಕೆ ಸಿಗುವುದು ಮುಂದಿನವರ ಬೆನ್ನು, ಈಗೀಗಂತೂ ಮೇಲೆತ್ತಿದ ಫೋನುಗಳ ಸಾಲು. ನಮ್ಮ ಧರ್ಮಕೇಂದ್ರಗಳ ಹಬ್ಬದ ತೇರಿನಲ್ಲೂ ಇದೇ ಕಥೆ. ಎತ್ತರದವರು ನಿಂತಲ್ಲೇ ಎಲ್ಲವನ್ನೂ ನೋಡುತ್ತಾರೆ, ಗಿಡ್ಡವರು ಜಾಗ ಹುಡುಕಬೇಕು.

ಈ ಕಷ್ಟ ಹೊಸದಲ್ಲ. ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯ ನಮಗೆಲ್ಲ ಪರಿಚಿತ. ಗಿಡ್ಡ ಆಳು, ಜೆರಿಕೊ ಪಟ್ಟಣದ ಜನಜಂಗುಳಿ, ಯೇಸುಸ್ವಾಮಿಯನ್ನು ನೋಡುವ ಆಸೆ. ಅವನು ಜನರನ್ನು ತಳ್ಳಲಿಲ್ಲ, ಎತ್ತರದವರನ್ನು ದೂರಲೂ ಇಲ್ಲ. ಮೆರವಣಿಗೆ ಬರುವ ದಾರಿ ಯಾವುದೆಂದು ತಿಳಿದು ಮುಂದೆ ಓಡಿ ಮರ ಹತ್ತಿದ. ಪತ್ರಿಕಾ ಛಾಯಾಗ್ರಾಹಕರು ಇಂದಿಗೂ ಮಾಡುವುದು ಇದನ್ನೇ. ಮೊದಲೇ ಬಂದು ದಾರಿ ನೋಡಿಕೊಳ್ಳುತ್ತಾರೆ, ಮೆಟ್ಟಿಲಿನ ಮೇಲೋ ಪುಟ್ಟ ಏಣಿಯ ಮೇಲೋ ಜಾಗ ಹಿಡಿಯುತ್ತಾರೆ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ತಮ್ಮ ಕಾರಿನ ಚಾವಣಿಯ ಮೇಲೆಯೇ ಒಂದು ಅಟ್ಟಣೆ ಕಟ್ಟಿಸಿಕೊಂಡಿದ್ದರು. ನಮ್ಮ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಾಂಪೌಂಡ್ ಗೋಡೆ, ಓಡುವ ತೇರು, ವಿದ್ಯುತ್ ತಂತಿಯ ಹತ್ತಿರದ ಮಾಳಿಗೆ, ಇವು ಏರುವ ಜಾಗಗಳಲ್ಲ. ಯಾವ ಚಿತ್ರವೂ ಪ್ರಾಣಕ್ಕಿಂತ ದೊಡ್ಡದಲ್ಲ.

ಮೇಲೇರಿದರೆ ಜನಸಂದಣಿ ಕಾಣುತ್ತದೆ, ನಿಜ. ಆದರೆ ಮುಖ ಕಾಣುತ್ತದೆಯೇ? ಕಂಬಂ ಕಣಿವೆಯಿಂದ ಈಶಾನ್ಯಕ್ಕಿರುವ ದಿಂಡಿಗಲ್ಲಿಗೆ ಹೋದರೆ ಊರಿನ ಬಂಡೆಯ ಮೇಲೆ 1605ರಲ್ಲಿ ಮದುರೆಯ ನಾಯಕರು ಕಟ್ಟಲು ಆರಂಭಿಸಿದ ಕೋಟೆಯಿದೆ. ಅಲ್ಲಿಂದ ಇಡೀ ಊರು ಕಾಣುತ್ತದೆ, ಆದರೆ ಒಬ್ಬರ ಮುಖವೂ ಕಾಣುವುದಿಲ್ಲ. ಮುಖ ಬೇಕಾದರೆ ಇಳಿದು ಬೀಗ ತಯಾರಿಸುವವರ ಬಳಿಗೆ ಬರಬೇಕು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಕೈಯಿಂದಲೇ ಬೀಗ ಮಾಡುವವರು ತಲೆ ತಗ್ಗಿಸಿ ಅರ ಉಜ್ಜುತ್ತಿರುತ್ತಾರೆ. ನಿಂತು ತೆಗೆದರೆ ಕೂದಲು ಮಾತ್ರ ಸಿಗುತ್ತದೆ. ಒಂದು ಸ್ಟೂಲೋ ಗೋಣಿಚೀಲವೋ ಕೇಳಿ ಪಡೆದು ಅವರ ಪಕ್ಕ ಕುಳಿತರೆ ಕಣ್ಣು, ಕೈ, ಬೀಗ ಮೂರೂ ಸಿಗುತ್ತವೆ. ಜೊತೆಗೆ ನಾಲ್ಕು ಮಾತೂ ಆಗುತ್ತದೆ.

ಕ್ಯಾಮೆರಾವನ್ನು ತಗ್ಗಿಸುವ ಈ ಗುಟ್ಟು ದೊಡ್ಡವರಿಗೆ ಚೆನ್ನಾಗಿ ತಿಳಿದಿತ್ತು. 1929ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಅದರೊಳಗೆ ನೋಡಬೇಕಿತ್ತು. ತೆಗೆಯುವವರು ಎಷ್ಟೇ ಎತ್ತರವಿರಲಿ, ಕ್ಯಾಮೆರಾ ಸೊಂಟದ ಮಟ್ಟದಲ್ಲಿ. ನೋಡುವವರಿಗೆ ಅವರು ತಲೆಬಾಗಿದಂತೆಯೇ ಕಾಣುತ್ತಿತ್ತು. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದ ವಿವಿಯನ್ ಮೇಯರ್ ಇಂಥ ಕ್ಯಾಮೆರಾದಲ್ಲೇ ಬೀದಿಯ ಜನರ ಸಾವಿರಾರು ಚಿತ್ರ ತೆಗೆದರು. 2007ರ ನಂತರವಷ್ಟೇ ಅವು ಲೋಕದ ಕಣ್ಣಿಗೆ ಬಿದ್ದವು. ಜಪಾನಿನ ಚಿತ್ರನಿರ್ದೇಶಕ ಯಸುಜಿರೊ ಓಝು ಚಾಪೆಯ ಮೇಲೆ ಕುಳಿತವರ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ಮನೆಯೊಳಗಿನ ಕಥೆ ಹೇಳಿದರು. ನೆಲದ ಮೇಲೆ ಕುಳಿತು ಉಣ್ಣುವ ನಮಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಮಕ್ಕಳ ಚಿತ್ರಗಳಿಗಾಗಿಯೇ ಹೆಸರಾದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಆಶ್ರಯದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಹಾಗೆಂದು ತಗ್ಗಿದ್ದೆಲ್ಲ ಒಳ್ಳೆಯದಲ್ಲ. ಚಪ್ಪರದ ಕೆಳಗೆ ಕೈಯೆತ್ತಿ ದುಡಿಯುವ ಹೆಂಗಸರನ್ನು ನೆಲದಲ್ಲಿ ಕುಳಿತು ತೆಗೆಯುವುದು ಮರ್ಯಾದೆಯಲ್ಲ. ಸೊಂಟದ ಬಳಿ ಫೋನು ಹಿಡಿದು ಕದ್ದು ತೆಗೆಯುವುದಂತೂ ಕಳ್ಳತನಕ್ಕೆ ಸಮ. ಆರಡಿಯವರು ಕ್ಯಾಮೆರಾ ಹಿಡಿದು ದಡದಡ ಬಂದರೆ ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅದೇ ಅವರು ಮೊದಲು ಕುಳಿತು, ಕ್ಯಾಮೆರಾ ತೋರಿಸಿ, ತಾಯಿಯನ್ನು ಕೇಳಿದರೆ ಮಗು ತಾನಾಗಿಯೇ ಹೊರಗೆ ಬರುತ್ತದೆ. ತಗ್ಗುವುದಕ್ಕಿಂತ ಮುಖ್ಯವಾದದ್ದು ಎದುರಿನವರ ಕಣ್ಣಿನ ಮಟ್ಟ.

ಯಾರನ್ನು ಮೇಲೆ ನೋಡಬೇಕೋ ಅವರಿಗೆ ಜನ ಪೀಠ ಕಟ್ಟುತ್ತಾರೆ. 1895ರಲ್ಲಿ ಪೂರ್ಣಗೊಂಡ ಮುಲ್ಲೈ ಪೆರಿಯಾರ್ ಅಣೆಕಟ್ಟನ್ನು ಕಟ್ಟಿದ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರನ್ನು ಕಂಬಂ ಕಣಿವೆಯ ರೈತರು ಇಂದಿಗೂ ಮನೆಯ ಹಿರಿಯರಂತೆ ನೆನೆಯುತ್ತಾರೆ. ಲೋಯರ್ ಕ್ಯಾಂಪ್‌ನಲ್ಲಿ 2013ರಲ್ಲಿ ತೆರೆದ ಸ್ಮಾರಕದಲ್ಲಿ ಅವರ ಪ್ರತಿಮೆಯಿದೆ, ಅದನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಕೃತಜ್ಞತೆಯಿಂದ ಕಟ್ಟಿದ ಎತ್ತರ ಅದು, ತಕರಾರಿಲ್ಲ. ಆದರೆ ಬದುಕಿರುವ ಬಡವರನ್ನು ನಾವು ಯಾವ ಎತ್ತರದಿಂದ ತೆಗೆಯುತ್ತಿದ್ದೇವೆ?

ಇದು ನಮ್ಮ ಸಂಘಗಳು, ಧರ್ಮಕೇಂದ್ರಗಳು ಯೋಚಿಸಬೇಕಾದ ಮಾತು. ನೆರೆ ಬಂದಾಗ, ಹಬ್ಬ ಬಂದಾಗ ಅಕ್ಕಿ, ಸೀರೆ, ಕಂಬಳಿ ಹಂಚುತ್ತೇವೆ. ಫೋಟೊ ತೆಗೆಸುತ್ತೇವೆ. ಕೊಡುವವರು ವೇದಿಕೆಯ ಮೇಲೆ, ಪಡೆಯುವವರು ಕೆಳಗೆ. ಕ್ಯಾಮೆರಾವೂ ವೇದಿಕೆಯ ಮೇಲೆಯೇ. ಬಂದ ಚಿತ್ರದಲ್ಲಿ ಕೊಡುವವರು ಗೋಪುರದಂತೆ, ಪಡೆಯುವ ತಾಯಿ ಎರಡು ಕೈ ಮತ್ತು ಒಂದು ನೆತ್ತಿ. ಆ ತಾಯಿಯ ಮನೆಯಲ್ಲಿ ಅವರ ಬೇರೆ ಫೋಟೊ ಇಲ್ಲದಿರಬಹುದು. ನಾಳೆ ಅವರು ತೀರಿಕೊಂಡರೆ ಮಕ್ಕಳು ಗೋಡೆಗೆ ತೂಗುಹಾಕುವುದು ಇದನ್ನೇ ಆದರೆ? ತಮ್ಮ ತಾಯಿ ಬೇಡುತ್ತಿರುವ ಚಿತ್ರವನ್ನು ಯಾವ ಮಕ್ಕಳು ಬಯಸುತ್ತಾರೆ?

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ವೇದಿಕೆಯಿಂದ ಇಳಿದು ಕೊಡೋಣ. ಫೋಟೊ ಬೇಕೇ ಬೇಕೆಂದರೆ ಕೇಳಿ, ಒಪ್ಪಿದರೆ ಮಾತ್ರ, ಅವರ ಕಣ್ಣಿನ ಮಟ್ಟದಲ್ಲಿ ತೆಗೆಯೋಣ. ಒಂದು ಪ್ರತಿ ಮುದ್ರಿಸಿ ಅವರ ಮನೆಗೂ ಮುಟ್ಟಿಸೋಣ. ಮನೆಯಲ್ಲಿ ಮಕ್ಕಳಿಗೆ ಫೋನು ಕೊಟ್ಟಾಗ ಅಜ್ಜ ಅಜ್ಜಿಯ ಪಕ್ಕ ಕುಳಿತು ತೆಗೆಯಲು ಕಲಿಸೋಣ. ಗಿಡ್ಡಗಿದ್ದೇನೆ, ನನಗೆ ಕ್ಯಾಮೆರಾ ಹಿಡಿಯಲು ಆಗದು ಎಂದು ಹಿಂಜರಿಯುವ ಮಗಳಿದ್ದರೆ, ಈ ವರ್ಷದ ಹಬ್ಬದ ಫೋಟೊ ಅವಳೇ ತೆಗೆಯಲಿ. ಒಂದು ಗಟ್ಟಿಯಾದ ಸ್ಟೂಲನ್ನು ಮಾತ್ರ ಜೊತೆಗೆ ಕೊಡಿ. ಎತ್ತರದ ಮಗನಿದ್ದರೆ ಅವನಿಗೆ ಮಂಡಿಯೂರುವುದನ್ನು ಹೇಳಿಕೊಡಿ. ದೇಹದ ಎತ್ತರ ನಾವು ಆರಿಸಿಕೊಂಡದ್ದಲ್ಲ. ಕ್ಯಾಮೆರಾವನ್ನು ಯಾವ ಎತ್ತರಕ್ಕೆ ಹಿಡಿಯಬೇಕು ಎಂಬುದು ಮಾತ್ರ ಪ್ರತಿ ಸಲವೂ ನಮ್ಮ ಕೈಯಲ್ಲೇ ಇದೆ.