ಊತ ಇಳಿದ ಮೇಲೂ ಇಳಿಯದ ನೋವು

2006ರ ಚಿಕುನ್‌ಗುನ್ಯ ಹಾವಳಿಯನ್ನು ನಮ್ಮ ಹಳ್ಳಿಗಳು ಇನ್ನೂ ಮರೆತಿಲ್ಲ. ಮೂರು ದಶಕ ದೇಶದಲ್ಲಿ ಸದ್ದಿಲ್ಲದೆ ಇದ್ದ ಜ್ವರ ಆ ವರ್ಷ ಸುಮಾರು 14 ಲಕ್ಷ ಜನರನ್ನು ಹಾಸಿಗೆ ಹಿಡಿಸಿತು. ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು, ಏಳೂವರೆ ಲಕ್ಷದಷ್ಟು, ಕರ್ನಾಟಕವೊಂದರಲ್ಲೇ ದಾಖಲಾದವು. ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿ, ಬಿಂದಿಗೆ ಎಲ್ಲವನ್ನೂ ತುಂಬಿಟ್ಟುಕೊಳ್ಳಲೇಬೇಕು. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೂ ಅಂಥ ನಿಂತ ತಿಳಿನೀರಿನಲ್ಲೇ. ಬರವನ್ನೂ ಸಹಿಸಿ, ಬರದಿಂದಾಗಿ ಬಂದ ಕಾಯಿಲೆಯನ್ನೂ ಸಹಿಸಬೇಕಾದ ಸೀಮೆ ಅದು.

ಜ್ವರ ವಾರದೊಳಗೆ ಬಿಟ್ಟಿತು. ಕೀಲುನೋವು ಬಿಡಲಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ. ತೆಲುಗು, ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುವ ಊರುಗಳು. ಮಾವು, ಟೊಮೆಟೊ, ಹಸು ಇವೇ ಅಲ್ಲಿನ ಬದುಕು. ಬೆಳಗಿನ ಜಾವ ಹಾಲು ಕರೆಯಲು ಬೆರಳು ಮಡಚಬೇಕು, ಟೊಮೆಟೊ ಬಿಡಿಸಲು ಬಗ್ಗಬೇಕು, ಕ್ರೇಟ್ ಎತ್ತಲು ಮಣಿಕಟ್ಟು ಗಟ್ಟಿಯಿರಬೇಕು. ಚಿಕುನ್‌ಗುನ್ಯ ಬಂದು ಹೋದವರಿಗೆ ಈ ಮೂರೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕಷ್ಟವಾದವು. ಅಂಥ ಹೆಂಗಸೊಬ್ಬಳು ಆಸ್ಪತ್ರೆಗೆ ಹೋದರೆ ವೈದ್ಯರು, "ಊತ ಎಲ್ಲಮ್ಮಾ? ರಕ್ತ ಪರೀಕ್ಷೆಯೂ ಚೆನ್ನಾಗಿಯೇ ಇದೆಯಲ್ಲ" ಎನ್ನುತ್ತಾರೆ. "ಊತ ಇಳೀತು ಸಾರ್, ನೋವು ಇಳೀಲಿಲ್ಲ" ಎನ್ನುತ್ತಾಳೆ ಆಕೆ. ಮನೆಗೆ ಬಂದರೆ ಅತ್ತೆಯೋ ಗಂಡನೋ, "ಎಲ್ಲಾ ನಿನ್ನ ಮನಸ್ಸಿನ ಭ್ರಮೆ" ಎಂದುಬಿಡುತ್ತಾರೆ.

ಆಕೆ ಹೇಳುವುದು ನಿಜ ಎಂಬುದಕ್ಕೆ ಕಳೆದ ನಾಲ್ಕು ದಶಕಗಳ ನರವಿಜ್ಞಾನ ಸಾಕಷ್ಟು ಆಧಾರ ಕೊಟ್ಟಿದೆ. ಅದು ನಮ್ಮ ಹಳ್ಳಿಯ ಮನೆಗಳಿಗೆ ಇನ್ನೂ ತಲುಪಿಲ್ಲ ಎಂಬ ಸಂಕಟಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೀಲಿನಿಂದಲೇ ಶುರುಮಾಡೋಣ. ಊತವಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್, ಸೈಟೊಕೈನ್ ಎಂಬ ರಾಸಾಯನಿಕಗಳು ಸೇರುತ್ತವೆ. ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ನೋವಿನ ನರದ ತುದಿಯಲ್ಲಿ ಶಾಖವನ್ನು ಗುರುತಿಸುವ ಪುಟ್ಟ ಬಾಗಿಲೊಂದಿದೆ. ಅದನ್ನು ಮೆಣಸಿನಕಾಯಿಯ ಖಾರದ ಜಾಡು ಹಿಡಿದು 1997ರಲ್ಲಿ ಪತ್ತೆಮಾಡಿದವರು ಡೇವಿಡ್ ಜೂಲಿಯಸ್. 2021ರಲ್ಲಿ ಅವರಿಗೆ ನೊಬೆಲ್ ಸಂದಿತು. ಸಾಮಾನ್ಯವಾಗಿ 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೆ ತೆರೆದುಕೊಳ್ಳುವ ಬಾಗಿಲು ಅದು. ಊತದ ರಾಸಾಯನಿಕಗಳು ತಾಗಿದರೆ ನಮ್ಮ ಮೈಯ ಸಹಜ ಶಾಖಕ್ಕೇ ತೆರೆದುಕೊಳ್ಳಬಲ್ಲದು. ಬಿಸಿಲಿಗೆ ಬೆಂದ ಬೆನ್ನಿನ ಮೇಲೆ ಉಗುರುಬೆಚ್ಚಗಿನ ನೀರು ಬಿದ್ದರೂ ಚುರ್ ಎನ್ನುವುದು ಇದರಿಂದಲೇ.

ಇಷ್ಟೇ ಆಗಿದ್ದರೆ ಊತದ ಜೊತೆಗೆ ನೋವೂ ಇಳಿಯಬೇಕಿತ್ತು. 1983ರಲ್ಲಿ ಲಂಡನ್ನಿನಲ್ಲಿದ್ದ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲೆ ಪ್ರಯೋಗ ನಡೆಸಿ, ಪೆಟ್ಟು ಬಿದ್ದ ಮೇಲೆ ಬೆನ್ನುಹುರಿಯೊಳಗಿನ ನರಕೋಶಗಳೇ ಬದಲಾಗುತ್ತವೆ ಎಂದು ತೋರಿಸಿದರು. ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಮೆಲು ಸ್ಪರ್ಶಕ್ಕೂ ಅವು ನೋವಿನ ಸುದ್ದಿ ಕಳಿಸತೊಡಗುತ್ತವೆ. ಸೀರೆಯ ಸೆರಗು ಸೋಕಿದರೂ ಮಂಡಿ ಚಳಕ್ ಎನ್ನುತ್ತದೆ ಎಂದು ಯಾರಾದರೂ ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಇದರ ಮೇಲೆ ಮಿದುಳಿನ ಪಾತ್ರ ಬರುತ್ತದೆ. ನೋವಿನ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಮೇಲಿನಿಂದ ಕೆಳಕ್ಕೂ ಆಜ್ಞೆಗಳು ಇಳಿಯುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಿದುಳಿನ ಕಾಂಡದಲ್ಲಿ, ಕತ್ತಿನ ಮೇಲ್ಭಾಗಕ್ಕೆ ಹತ್ತಿರದಲ್ಲೇ, ಈ ಕೆಲಸಕ್ಕೆಂದು ಕೇಂದ್ರಗಳಿವೆ. ಅವುಗಳಲ್ಲೊಂದಕ್ಕೆ ಸಣ್ಣ ವಿದ್ಯುತ್ ಕೊಟ್ಟರೆ ಇಲಿಗೆ ಅರಿವಳಿಕೆಯಿಲ್ಲದೆಯೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಡೇವಿಡ್ ರೆನಾಲ್ಡ್ಸ್ 1969ರಲ್ಲಿ ವರದಿ ಮಾಡಿದರು. ಮುಂದೆ ಹೋವರ್ಡ್ ಫೀಲ್ಡ್ಸ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲೇ ಕೆಳಗೆ ಎರಡು ಬಗೆಯ ನರಕೋಶಗಳನ್ನು ಗುರುತಿಸಿದರು. ಒಂದು ನೋವನ್ನು ಅದುಮುತ್ತದೆ, ಇನ್ನೊಂದು ಹೆಚ್ಚಿಸುತ್ತದೆ. ಕೋಲಾರದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕೆರೆಯ ತೂಬಿನ ಬಳಿ ನೀರಗಂಟಿ ನಿಂತಿರುತ್ತಾನೆ. ಕೆರೆಯಲ್ಲಿ ಎಷ್ಟು ನೀರಿದ್ದರೂ ಗದ್ದೆಗೆ ಎಷ್ಟು ಬಿಡಬೇಕೆಂಬುದು ಅವನ ಕೈಯಲ್ಲಿರುತ್ತದೆ. ಬೆನ್ನುಹುರಿ ತೂಬಾದರೆ ಈ ಕೇಂದ್ರಗಳೇ ನೀರಗಂಟಿ.

ಊತವಿರುವಾಗ ಈ ಆಜ್ಞೆಗಳ ತೂಕ ಏರುಪೇರಾಗುತ್ತದೆ. ಇಲಿಯ ಮೊಣಕಾಲಿನಲ್ಲಿ ಊತ ತರಿಸಿದರೆ, ಊದದ ಪಾದದಲ್ಲೂ ನೋವಿನ ಸೂಕ್ಷ್ಮತೆ ಹೆಚ್ಚುತ್ತದೆ. ಮಿದುಳಿನ ಕಾಂಡದ ಆ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಪಾದದ ಅತಿನೋವು ಹೋಯಿತು, ಮೊಣಕಾಲಿನದು ಹಾಗೆಯೇ ಉಳಿಯಿತು. ಊತವಿಲ್ಲದ ಕಡೆಗೂ ನೋವು ಹರಡುವುದರಲ್ಲಿ ಮಿದುಳಿನ ಕೈವಾಡವಿದೆ ಎಂದಂತಾಯಿತು. "ಮಣಿಕಟ್ಟಿನಲ್ಲಿ ಶುರುವಾದದ್ದು ಈಗ ಮೈಯೆಲ್ಲಾ" ಎಂಬ ದೂರನ್ನು ಎಷ್ಟು ಬಾರಿ ಕೇಳಿಲ್ಲ ನಾವು!

2001ರಲ್ಲಿ ವೂಲ್ಫ್ ತಂಡದಿಂದಲೇ ಇನ್ನೊಂದು ಸಂಗತಿ ಹೊರಬಂತು. ಇಲಿಯ ಪಾದ ಊದಿಸಿದರೆ, ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಕಿಣ್ವ ಪಾದದಲ್ಲಷ್ಟೇ ಅಲ್ಲ, ಬೆನ್ನುಹುರಿ ಮತ್ತು ಮಿದುಳಿನ ಹಲವೆಡೆ ಹೆಚ್ಚುತ್ತದೆ. ಪಾದದಿಂದ ಬರುವ ನರವನ್ನು ಮರಗಟ್ಟಿಸಿದರೂ ಅದು ನಿಲ್ಲಲಿಲ್ಲ. ಅಂದರೆ ಸುದ್ದಿ ನರದ ದಾರಿಯೊಂದನ್ನೇ ನೆಚ್ಚಿಕೊಂಡಿಲ್ಲ, ರಕ್ತದ ಮೂಲಕವೂ ಮಿದುಳು ಮುಟ್ಟುತ್ತದೆ. ಜ್ವರ ಬಂದಾಗ ಮೈಕೈಯೆಲ್ಲ ನೋಯುವುದು, ಊಟ ರುಚಿಸದಿರುವುದು, ಯಾರ ಮಾತೂ ಬೇಡವೆನಿಸುವುದು, ಇವೆಲ್ಲ ಇದೇ ಬಗೆಯ ಸುದ್ದಿ ಮಿದುಳಿಗೆ ತಲುಪಿದಾಗಿನ ಲಕ್ಷಣಗಳು.

ಮನುಷ್ಯರಲ್ಲಿ ನಡೆದ ಅಧ್ಯಯನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜರ್ಮನಿಯ ಎರ್ಲಾಂಗೆನ್‌ನಿಂದ 2011ರಲ್ಲಿ ಪ್ರಕಟವಾದದ್ದು. ಸಂಧಿವಾತದ ರೋಗಿಗಳ ನೋಯುವ ಬೆರಳಿನ ಕೀಲನ್ನು ಒತ್ತಿ, ಅದೇ ಹೊತ್ತಿಗೆ ಸ್ಕ್ಯಾನಿನಲ್ಲಿ ಮಿದುಳನ್ನು ನೋಡಿದರು. ಆಮೇಲೆ ಟಿಎನ್‌ಎಫ್ ಎಂಬ ಸೈಟೊಕೈನನ್ನು ತಡೆಯುವ ಔಷಧ ಕೊಟ್ಟರು. ಒಂದೇ ದಿನದೊಳಗೆ ಮಿದುಳಿನ ನೋವಿನ ಚಟುವಟಿಕೆ ತಗ್ಗಿತು. ಬೆರಳಿನ ಊತವಿನ್ನೂ ಇಳಿದಿರಲಿಲ್ಲ! ಊತದ ಅಳತೆ ಬೇರೆ, ನೋವಿನ ಅಳತೆ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೇ? ಊತ ಇರುವಾಗಲೇ ನೋವು ಇಳಿಯಬಹುದಾದರೆ, ಊತ ಇಳಿದ ಮೇಲೂ ನೋವು ಉಳಿಯುತ್ತದೆ ಎನ್ನುವ ರಾಯಲ್ಪಾಡಿನ ಹೆಂಗಸನ್ನು ನಾವು ಯಾವ ಬಾಯಿಂದ ಸುಳ್ಳುಗಾತಿ ಎನ್ನುವುದು?

ಎಲ್ಲ ಹಳೆಯ ಕೀಲುನೋವಿಗೂ ಮಿದುಳೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚಿಕುನ್‌ಗುನ್ಯದ ನಂತರ ಕೆಲವರ ಕೀಲಿನಲ್ಲಿ ಊತ ನಿಜಕ್ಕೂ ಮುಂದುವರಿದಿರುತ್ತದೆ. ಕೆಲವರಿಗೆ ಸಂಧಿವಾತವೇ ಇರಬಹುದು. ಅದನ್ನು ಪರೀಕ್ಷೆ ಮಾಡಿಸಲೇಬೇಕು. ಕೋಲಾರ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ ಮೂಳೆಯ ಫ್ಲೋರೋಸಿಸ್ ಕೂಡ ಸೊಂಟ, ಮಂಡಿ ಹಿಡಿಯುವಂತೆ ಮಾಡುತ್ತದೆ, ಅದನ್ನೂ ಮರೆಯುವಂತಿಲ್ಲ. ಇವೆಲ್ಲ ಇಲ್ಲವೆಂದಾದ ಮೇಲೂ ನೋವಿದ್ದರೆ ಮಿದುಳಿನ ದಾರಿಯನ್ನು ನೋಡಬೇಕು.

ಆದರೆ ನಡೆಯುವುದು ಬೇರೆ. ನೋವು ಎಂದ ಕೂಡಲೇ ಸೂಜಿ, ಮಾತ್ರೆ. ಕೂಲಿ ತಪ್ಪಬಾರದೆಂದು ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಮೇಲೆ ಈ ಮಾತ್ರೆ ಎಂದರೆ ಮೂತ್ರಪಿಂಡದ ಗತಿಯೇನು? ಚಿಕುನ್‌ಗುನ್ಯ ಹರಡಿದ ಅದೇ 2006ರಲ್ಲಿ, ದನಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಭಾರತ ನಿಷೇಧಿಸಿತು. ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಹದ್ದಿಗಾಗಿ ಎಚ್ಚೆತ್ತ ದೇಶ, ಕೂಲಿಯವಳ ಮೂತ್ರಪಿಂಡದ ಬಗ್ಗೆಯೂ ಅಷ್ಟೇ ಎಚ್ಚರ ವಹಿಸಬೇಕಲ್ಲವೇ?

ಮಿದುಳಿನ ಆಜ್ಞೆಗಳನ್ನು ನೋವು ಅದುಮುವ ಕಡೆಗೆ ತಿರುಗಿಸುವ ದಾರಿಗಳಿವೆ. ನಿದ್ದೆ ಕೆಟ್ಟರೆ ನೋವು ಹೆಚ್ಚುತ್ತದೆ, ಆದ್ದರಿಂದ ನಿದ್ದೆಯನ್ನು ಮೊದಲು ಸರಿಪಡಿಸಬೇಕು. ಕೀಲನ್ನು ಪೂರ್ತಿ ಅಲುಗಿಸದೆ ಇಡುವುದಕ್ಕಿಂತ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಚಲನೆ ಹೆಚ್ಚಿಸುವುದು ಒಳ್ಳೆಯದು. ಔಷಧಗಳೂ ಇವೆ: ರಾತ್ರಿ ಕೊಡುವ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್, ಇಲ್ಲವೇ ಡುಲೊಕ್ಸಿಟಿನ್. ಇವು ಮೂಲತಃ ಖಿನ್ನತೆಗೆಂದು ಬಂದವು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ತಡೆಯ ಆಜ್ಞೆಗೆ ಬೇಕಾದ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಹೆಚ್ಚಿಸುವುದರಿಂದ ನೋವಿಗೂ ಬಳಕೆಯಾಗುತ್ತಿವೆ. ವೈದ್ಯರು ಚೀಟಿ ಬರೆದುಕೊಡುತ್ತಾರೆ. ಔಷಧದಂಗಡಿಯಲ್ಲಿ ಯಾರೋ "ಇದು ತಲೆಗೆ ಕೊಡುವ ಮಾತ್ರೆ" ಎನ್ನುತ್ತಾರೆ. ತನಗೆ ಹುಚ್ಚೆಂದು ಬರೆದುಕೊಟ್ಟಿದ್ದಾರೆ ಎಂದು ತಿಳಿದ ಆಕೆ ಮಾತ್ರೆಯ ಪಟ್ಟಿಯನ್ನು ಹಾಗೆಯೇ ಗೂಡಿನಲ್ಲಿಟ್ಟು, ಮತ್ತೆ ಡೈಕ್ಲೊಫೆನಾಕಿಗೇ ಹಿಂತಿರುಗುತ್ತಾಳೆ. ನಿಮ್ಮ ನೋವು ನಿಜ, ಕೀಲಿನಿಂದ ಬಂದ ಸುದ್ದಿಯನ್ನು ಮಿದುಳು ಹೆಚ್ಚಿಸುತ್ತಿದೆ, ಈ ಮಾತ್ರೆ ಅದನ್ನು ತಗ್ಗಿಸಲಿಕ್ಕೆ ಎಂದು ಚೀಟಿ ಕೊಡುವಾಗಲೇ ತೆಲುಗಿನಲ್ಲೋ ಕನ್ನಡದಲ್ಲೋ ಹೇಳಲು ಎರಡು ನಿಮಿಷ ಸಾಕು. ಸರದಿಯಲ್ಲಿ ಎಷ್ಟೇ ಜನ ಕಾದಿದ್ದರೂ ಆ ಎರಡು ನಿಮಿಷವನ್ನು ವೈದ್ಯರು ಆಕೆಗೆ ಕೊಡಬೇಕು. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಒಳಗೆ ಕರೆದು, ಅವರ ಎದುರಿಗೇ ಹೇಳಬೇಕು.