ಪರದೆಗೆ ಮೊದಲು ಬ್ರೇಕು ನೋಡಿ

ರಜೆ ಬಂದರೆ ನಮ್ಮ ಕೆಜಿಎಫ್, ಬಂಗಾರಪೇಟೆಯ ಕೆಲವು ಮನೆಗಳಿಗೆ ಹಳೆಯ ಓಮ್ನಿಯೇ ಮೋಟಾರ್ ಹೋಮ್. ಹಿಂದಿನ ಸೀಟು ಮಡಚಿ ಹಲಗೆ, ಹಾಸಿಗೆ ಹಾಕಿ, ಒಂದು ಸಣ್ಣ ಸ್ಟವ್ ಇಟ್ಟುಕೊಂಡರೆ ಲಾಡ್ಜ್ ಖರ್ಚಿಲ್ಲ. ನನಗೂ ಇಂಥ ಪ್ರಯಾಣ ಇಷ್ಟ. ಆದರೆ ನಾವು ಹಣ ಹಾಕುವುದು ಸ್ಪೀಕರಿಗೆ, ಪರದೆಗೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಹಾಗಾಗಿ ಈಗ ಓಡುವವೆಲ್ಲ ಹಳೆಯವೇ. ಕಳೆದ ಬೇಸಿಗೆಯಲ್ಲಿ ಮುರುಗಮಲ್ಲಕ್ಕೆ ಹೊರಟ ನಮ್ಮ ವ್ಯಾನು ಚಿಂತಾಮಣಿಗೆ ಮೊದಲೇ ಆವಿ ಉಗುಳಿ ನಿಂತಿತು. ಕೂಲೆಂಟ್ ಪೈಪು ಬಿರುಕು ಬಿಟ್ಟಿತ್ತು. ಅಜ್ಜಿ ಎರಡು ಗಂಟೆ ಬಿಸಿಲಿನಲ್ಲಿ ಕೂರಬೇಕಾಯಿತು. ಹಿಂದಿನ ದಿನವೇ ಮುಂದಿನ ಸೀಟು ಎತ್ತಿ ನೋಡಿದ್ದರೆ ಕಾಣುತ್ತಿತ್ತು.

ಹೊರಡುವ ಮುನ್ನ ಪೈಪು, ಬೆಲ್ಟು, ಬ್ರೇಕ್ ಆಯಿಲ್ ನೋಡಿ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2318 ಎಂದರೆ 2018ರ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದೆಯೇ ಎಂದು ಮನೆಯವರನ್ನು ಕೇಳಿ. ಬಾಗಿಲು ಮುಚ್ಚಿದ ವ್ಯಾನಿನಲ್ಲಿ ಸ್ಟವ್ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ನಮ್ಮಲ್ಲಿ ಹಲವರ ಅಜ್ಜಂದಿರು ಚಿನ್ನದ ಗಣಿಗೆ ಇಳಿದವರು. ಅವರನ್ನು ಇಳಿಸುವ ಹಗ್ಗವನ್ನು ಮೊದಲು ಪರೀಕ್ಷಿಸುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು. ಆ ಅಭ್ಯಾಸವನ್ನಾದರೂ ನಾವು ಉಳಿಸಿಕೊಳ್ಳೋಣ.